ಅಭ್ಯಾಸ ಪಂದ್ಯಕ್ಕೇ ಅಂತಿಮ ತೀರ್ಪೇ?

ಸೀಸನ್‌ಗೆ ಮುಂಚೆ ಬೆಂಗಳೂರು ಎಫ್‌ಸಿ ಒಂದು ಸೌಹಾರ್ದ ಪಂದ್ಯ ಆಡಿದರೆ ಸಾಕು, ಶಂಕರಘಟ್ಟದ ಟೀ ಅಂಗಡಿ ಮುಂದೆ ನಮ್ಮ ಗೆಳೆಯರೆಲ್ಲ ಆಯ್ಕೆ ಸಮಿತಿ ಆಗಿಬಿಡುತ್ತಾರೆ. ‘ಈ ಡಿಫೆಂಡರ್‌ಗೆ ಓಡೋಕೇ ಬರಲ್ಲ ಕಣೋ’, ‘ಹೊಸ ಸ್ಟ್ರೈಕರ್ ವೇಸ್ಟ್ ಮಗಾ’. 90 ನಿಮಿಷದಲ್ಲೇ ಒಬ್ಬನ ಭವಿಷ್ಯ ತೀರ್ಮಾನ!

ಇಂಥ ಪಂದ್ಯ ಇರುವುದೇ ತಪ್ಪುಗಳನ್ನು ಕಂಡುಕೊಳ್ಳಲು. ಕೋಚ್ ಆಟಗಾರರನ್ನು ಬದಲಿಸುತ್ತಲೇ ಇರುತ್ತಾರೆ, ಮಿಡ್‌ಫೀಲ್ಡರ್‌ನನ್ನು ಹಿಂದೆ ನಿಲ್ಲಿಸಿ ನೋಡುತ್ತಾರೆ. ಕಠಿಣ ತರಬೇತಿಯಿಂದ ಆಟಗಾರರ ಕಾಲುಗಳು ಭಾರವಾಗಿರುತ್ತವೆ. ಇಲ್ಲಿನ ಗೋಲು ಅಂಕಪಟ್ಟಿಗೆ ಸೇರುವುದೂ ಇಲ್ಲ.

2018ರಲ್ಲಿ ತಂಡ ಪೂರ್ವಸಿದ್ಧತೆಗೆ ಸ್ಪೇನ್‌ಗೆ ಹೋಗಿತ್ತು. ಅದರ ನಿಜವಾದ ಫಲಿತಾಂಶ ಬಂದಿದ್ದು 2019ರ ಮಾರ್ಚ್ 17ರಂದು, ಮುಂಬೈಯಲ್ಲಿ. ಐಎಸ್‌ಎಲ್ ಫೈನಲ್‌ನಲ್ಲಿ ಎಫ್‌ಸಿ ಗೋವಾ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ಹೆಡರ್‌ ಮೂಲಕ ಏಕೈಕ ಗೋಲು ಹೊಡೆದದ್ದು ಸ್ಟ್ರೈಕರ್ ಅಲ್ಲ, ಡಿಫೆಂಡರ್ ರಾಹುಲ್ ಭೆಕೆ. ಕಪ್ ಬೆಂಗಳೂರಿಗೆ ಬಂತು.

ನಾಳೆ ನಾವೂ ಕ್ಯಾಂಪಸ್ ಸಂದರ್ಶನಕ್ಕೆ ನಿಲ್ಲುವವರೇ. ಅಣಕು ಸಂದರ್ಶನದಲ್ಲಿ ತಡವರಿಸಿದ ಸಹಪಾಠಿಗೆ ‘ಇವನಿಗೆ ಕೆಲಸ ಸಿಗಲ್ಲ’ ಎಂದು ಮುದ್ರೆ ಒತ್ತಿದರೆ, ಅವನು ಮುಂದಿನ ಅಭ್ಯಾಸಕ್ಕೇ ಬರುವುದಿಲ್ಲ. ಆಟಗಾರನನ್ನು ಅಳೆಯಲೇಬೇಕೆಂದರೆ, ಚೆಂಡು ಕಳೆದುಕೊಂಡವನು ಮತ್ತೆ ಅದರ ಹಿಂದೆ ಓಡಿದನೇ ಎಂದು ನೋಡೋಣ. ಗೆಳೆಯನನ್ನು ಅಳೆಯಲೂ ಅಷ್ಟು ಸಾಕು.