ರದ್ದಿಗೆ ಬಿದ್ದ ಕಿರ್ದಿ, ಲಂಡನ್ನಿನ ಕಪಾಟಿನ ಪತ್ರ: ನಮ್ಮ ಚರಿತ್ರೆಯ ಕಾಗದ ಯಾರ ಕೈಯಲ್ಲಿದೆ?

ದೀಪಾವಳಿ ಪಾಡ್ಯದ ದಿನ ಗುರುಮಠಕಲ್, ಯಾದಗಿರಿ, ಶಹಾಪುರದ ಹಳೇ ಅಂಗಡಿಗಳಲ್ಲಿ ಹೊಸ ಕಿರ್ದಿ-ಖತಾವಣಿಗೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡ್ತಾರೆ. ಹಳೇ ಕಿರ್ದಿ ಏನಾಗುತ್ತೆ? ಒಂದಿಷ್ಟು ವರ್ಷ ಸಂದೂಕದಲ್ಲಿ ಇರುತ್ತೆ. ಆಮೇಲೆ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಹಾಕುವಾಗ, ಇಲ್ಲವೇ ಅಣ್ಣತಮ್ಮಂದಿರು ಪಾಲಾಗುವಾಗ, ಕೆಂಪು ಬಟ್ಟೆಯ ಗಂಟಿನ ಸಮೇತ ರದ್ದಿಯವನ ತಕ್ಕಡಿಗೆ ಬೀಳುತ್ತೆ. ರೇಟು ಕೆಜಿ ಲೆಕ್ಕದಲ್ಲಿ.

ಇದೇ ಸೀಮೆಯ ಬಗ್ಗೆ ಒಬ್ಬ ಇಂಗ್ಲಿಷ್ ಅಧಿಕಾರಿ ಬರೆದ ಪುಸ್ತಕದ ಮೊದಲ ಮುದ್ರಣ ಹಳೇ ಪುಸ್ತಕದ ವ್ಯಾಪಾರಿ ಹತ್ರ ಇದ್ರೆ, ಅದನ್ನು ಯಾರೂ ಕೆಜಿ ಲೆಕ್ಕದಲ್ಲಿ ತೂಗಲ್ಲ. ಅದಕ್ಕೆ ‘ಅಪರೂಪದ ಪುಸ್ತಕ’ ಅನ್ನೋ ಹೆಸರಿದೆ, ಹರಾಜಿದೆ, ಸಂಗ್ರಾಹಕರಿದ್ದಾರೆ. ಗುರುಮಠಕಲ್‌ನಿಂದ ಮಲ್ಲಿಕಾರ್ಜುನ ಖರ್ಗೆಯವರು 1972ರಿಂದ 2004ರವರೆಗೆ ಎಂಟು ಸಲ ಗೆದ್ದಾಗ ಪ್ರತಿ ಸಲವೂ ಎಷ್ಟು ಮತ ಬಿದ್ದವು ಅಂತ ನಿಮ್ಮ ಮೊಬೈಲ್ ಈಗಲೇ ಹೇಳುತ್ತೆ. 1908ರಲ್ಲಿ ಇಲ್ಲಿನ ಪೇಟೆಯಲ್ಲಿ ಜೋಳದ ಧಾರಣಿ ಎಷ್ಟಿತ್ತು, ಯಾವ ಊರಿನವರು ಯಾರ ಹತ್ರ ಸಾಲ ತಂದಿದ್ದರು ಅಂತ ಕೇಳಿ ನೋಡಿ. ಅದು ಆ ರದ್ದಿ ಗಂಟಿನಲ್ಲಿತ್ತು.

ತುಪ್ಪಳದ ವ್ಯಾಪಾರಿಗಳ ಲೆಕ್ಕದ ಪುಸ್ತಕ

ಅಂಗಡಿಯ ಲೆಕ್ಕದಿಂದ ಚರಿತ್ರೆ ಹೇಗೆ ಹುಟ್ಟುತ್ತೆ ಅನ್ನೋದಕ್ಕೆ ದೂರದ ಒಂದು ಉದಾಹರಣೆ ನೋಡೋಣ. 1670ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್ ‘ಹಡ್ಸನ್ಸ್ ಬೇ ಕಂಪನಿ’ಗೆ ಒಂದು ಸನ್ನದು ಬರೆದುಕೊಟ್ಟ. ಕೆನಡಾದ ಮೂಲನಿವಾಸಿಗಳಿಂದ ಬೀವರ್, ನರಿ, ಲಿಂಕ್ಸ್ ಎಂಬ ಕಾಡುಬೆಕ್ಕು ಮೊದಲಾದ ಪ್ರಾಣಿಗಳ ತುಪ್ಪಳದ ಚರ್ಮ ಕೊಂಡು ಯುರೋಪಿಗೆ ಸಾಗಿಸೋದು ಅದರ ಕಸುಬು. ಪಕ್ಕಾ ವ್ಯಾಪಾರಸ್ಥ ಕಂಪನಿ. ಹಾಗಾಗಿ ಎಲ್ಲವನ್ನೂ ಬರೆದಿಟ್ಟಿತು: ಎಷ್ಟು ಚರ್ಮ ಬಂತು, ಬದಲಿಗೆ ಎಷ್ಟು ಕಂಬಳಿ ಹೋಯ್ತು, ಯಾವ ಬೇಟೆಗಾರ ಎಷ್ಟು ಉದ್ದರಿ ಒಯ್ದ, ಆ ವರ್ಷ ನದಿ ಯಾವಾಗ ಹೆಪ್ಪುಗಟ್ಟಿತು.

ಈ ದಫ್ತರಗಳನ್ನು 1994ರಲ್ಲಿ ಕಂಪನಿ ಕೆನಡಾದ ಮ್ಯಾನಿಟೋಬಾ ಪ್ರಾಂತಕ್ಕೆ ದಾನ ಕೊಟ್ಟಿತು. 2007ರಲ್ಲಿ ಯುನೆಸ್ಕೋದ ‘ವಿಶ್ವದ ನೆನಪು’ ಪಟ್ಟಿಗೆ ಸೇರಿತು. ಇವುಗಳಿಂದ ಆಯ್ದ ಪತ್ರ, ದಿನಚರಿಗಳನ್ನು 1938ರಿಂದ ಸಂಪುಟಗಳಾಗಿ ಅಚ್ಚು ಹಾಕಿದರು. ಆ ಸಂಪುಟಗಳನ್ನು ಹುಡುಕಿ ಕೂಡಿಡುವ ಸಂಗ್ರಾಹಕರು ಇವತ್ತಿಗೂ ಇದ್ದಾರೆ.

ಲೋಟ್ಕಾ-ವೋಲ್ಟೆರಾ ಸಮೀಕರಣ ಓದಿದವರು ಒಂದು ಗ್ರಾಫ್ ನೋಡಿರ್ತೀರಿ. ಮೊಲ ಹೆಚ್ಚಾದಾಗ ಲಿಂಕ್ಸ್ ಹೆಚ್ಚಾಗೋದು, ಮೊಲ ಕಮ್ಮಿಯಾದ ಮೇಲೆ ಲಿಂಕ್ಸೂ ಕಮ್ಮಿಯಾಗೋದು, ಸುಮಾರು ಹತ್ತು ವರ್ಷಕ್ಕೊಂದು ಸುತ್ತು. ಇಂಜಿನಿಯರಿಂಗ್ ಓದುವಾಗ ನಾನೂ ಅದನ್ನು ನೋಡಿದ್ದೆ. ಆ ಡೇಟಾ ಬಂದದ್ದು ಈ ಕಂಪನಿಯ ಚರ್ಮದ ಲೆಕ್ಕದಿಂದ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಲೆಕ್ಕ ಬರೆದ ಗುಮಾಸ್ತನಿಗೆ ತಾನು ಜೀವಶಾಸ್ತ್ರಕ್ಕೆ ಸಾಮಗ್ರಿ ಒದಗಿಸ್ತಿದ್ದೇನೆ ಅನ್ನೋ ಅಂದಾಜೇ ಇರಲಿಲ್ಲ. ಇವತ್ತು ಅಲ್ಲಿನ ಮೂಲನಿವಾಸಿ ಮತ್ತು ಮೇಟಿ ಕುಟುಂಬಗಳು ತಮ್ಮ ಅಜ್ಜ-ಮುತ್ತಜ್ಜಿಯರ ಹೆಸರು ಹುಡುಕಿಕೊಂಡು ಹೋಗೋದೂ ಅದೇ ಪುಸ್ತಕಗಳಿಗೆ. ಕಂಪನಿ 2025ರಲ್ಲಿ ದಿವಾಳಿ ಎದ್ದು 1670ರ ಸನ್ನದು ಮಾರಾಟಕ್ಕೆ ಬಂದಾಗ, ಅದು ಯಾರದೋ ಮನೆಯ ಗೋಡೆ ಸೇರಬಾರದು ಅಂತ ದೊಡ್ಡ ಚರ್ಚೆಯಾಯ್ತು. ಕೊನೆಗೆ ಅದನ್ನು ಕೊಂಡು ಸಾರ್ವಜನಿಕ ಸಂಸ್ಥೆಗಳಿಗೆ ಕೊಡೋಕೆ ಎರಡು ಸಿರಿವಂತ ಕುಟುಂಬಗಳು ಮುಂದೆ ಬಂದವು.

ಈಗ ನಮ್ಮ ಕಡೆಗೆ ಬರೋಣ.

ಸುರಪುರವನ್ನು ಬರೆದವರು ಯಾರು?

ಸುರಪುರಕ್ಕೆ ಹೋದವರು ‘ಟೇಲರ್ ಮಂಜಿಲ್’ ನೋಡಿರ್ತೀರಿ. ಫಿಲಿಪ್ ಮೆಡೋಸ್ ಟೇಲರ್ 1824ರಲ್ಲಿ, ಹದಿನೈದರ ಹುಡುಗ, ಬೊಂಬಾಯಿಯ ಒಂದು ವ್ಯಾಪಾರಿ ಕೋಠಿಯಲ್ಲಿ ಕೆಲಸಕ್ಕೆ ಅಂತ ಹಡಗು ಹತ್ತಿ ಬಂದವನು. ಕೋಠಿಯ ಸ್ಥಿತಿ ನೆಟ್ಟಗಿರಲಿಲ್ಲ. ನಿಜಾಮನ ಚಾಕರಿಗೆ ಸೇರಿದ. 1841ರಲ್ಲಿ ಸುರಪುರಕ್ಕೆ ಬಂದು, 1853ರವರೆಗೆ ಬ್ರಿಟಿಷರ ಪರವಾಗಿ ಸಂಸ್ಥಾನದ ಆಡಳಿತ ನೋಡಿಕೊಂಡ. ಅವನ ಆತ್ಮಕಥೆ 1877ರಲ್ಲಿ, ಅವನು ಸತ್ತ ಮರುವರ್ಷ, ಮಗಳ ಸಂಪಾದಕತ್ವದಲ್ಲಿ ಎರಡು ಸಂಪುಟವಾಗಿ ಬಂತು. ತನ್ನ ಬಂಧು ಹೆನ್ರಿ ರೀವ್‌ಗೆ ಅವನು ಬರೆದ ಪತ್ರಗಳನ್ನು ಪ್ಯಾಟ್ರಿಕ್ ಕ್ಯಾಡೆಲ್ 1947ರಲ್ಲಿ ಪುಸ್ತಕ ಮಾಡಿದ. ಸುರಪುರದ ಬಗ್ಗೆ ಹಳೇ ಪುಸ್ತಕ ಕೂಡಿಸುವವರು ಮೊದಲು ಹುಡುಕೋದು ಇವೆರಡನ್ನೇ.

ಟೇಲರ್ ಕೆಟ್ಟ ಬರಹಗಾರನಲ್ಲ. ಕೆರೆ, ರಸ್ತೆ, ರಾಜನ್‌ಕೋಳೂರಿನ ಕಲ್ಗೋರಿಗಳು, ಎಲ್ಲದರ ಮೇಲೂ ಕಣ್ಣಿಟ್ಟಿದ್ದ. ಜನ ಅವನನ್ನು ಮಹಾದೇವ ಬಾಬಾ ಅಂತ ಕರೆದದ್ದೂ ಸುಳ್ಳಲ್ಲ. ತೊಂದರೆ ಇರೋದು ಬೇರೆ ಕಡೆ. ರಾಣಿ ಈಶ್ವರಮ್ಮನನ್ನು ಅವನು ಒಳಸಂಚಿನ ಹೆಂಗಸು ಅಂತ ಚಿತ್ರಿಸುತ್ತಾನೆ. ಅವಳ ಕಡೆಯ ಮಾತು ಅವನ ಪುಸ್ತಕದಲ್ಲಿ ಅವನ ಬಾಯಿಂದಲೇ ಬರಬೇಕು. ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೆರೆಯಾಗಿ, ಮದ್ರಾಸಿನ ಕಡೆ ಸಾಗಿಸುವ ದಾರಿಯಲ್ಲಿ ಗುಂಡೇಟಿನಿಂದ ಸತ್ತ. ಆ ಸಾವಿನ ಬಗ್ಗೆ ಹೆಚ್ಚಿನವರು ಓದೋದು ಟೇಲರ್ ಬರೆದ ಪುಟವನ್ನೇ. ಆದ್ರೆ ಟೇಲರ್ ಅಲ್ಲಿರಲೇ ಇಲ್ಲ, ಕೇಳಿದ್ದನ್ನು ಬರೆದ.

ಕಪಟರಾಳ ಕೃಷ್ಣರಾಯರಂಥವರು ಕನ್ನಡದಲ್ಲಿ ಸುರಪುರದ ಇತಿಹಾಸ ಬರೆದದ್ದು ಈ ಕೊರತೆ ಕಂಡೇ ಇರಬೇಕು. ಆದ್ರೆ ಇತಿಹಾಸಕಾರನಿಗೆ ಆಧಾರ ಬೇಕು. ಕಾಗದ ಒಬ್ಬನದೇ ಉಳಿದಿದ್ರೆ, ತೀರ್ಪೂ ಹೆಚ್ಚುಕಮ್ಮಿ ಅವನದೇ.

ಅಪರೂಪ ಅಂದ್ರೆ ಯಾವುದು?

ಇಲ್ಲಿ ಸಂಗ್ರಾಹಕರು ಮಾಡುವ ಒಂದು ತಪ್ಪು ಲೆಕ್ಕ ಇದೆ. ಟೇಲರನ ಆತ್ಮಕಥೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತೆ. ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರದ ಪತ್ರಗಳನ್ನು ವಿಲಿಯಂ ಫಾಸ್ಟರ್ 1906ರಿಂದ 1927ರವರೆಗೆ 13 ಸಂಪುಟಗಳಲ್ಲಿ ಸಂಪಾದಿಸಿದ. 1618ರಿಂದ 1669ರವರೆಗಿನ ಭಾರತದ ಇಂಗ್ಲಿಷ್ ಕೋಠಿಗಳ ಕಥೆ ಅದು. ಕಾರವಾರದ ಕಾಳುಮೆಣಸು, ಹುಬ್ಬಳ್ಳಿ ಕಡೆಯ ಬಟ್ಟೆಯ ವ್ಯಾಪಾರ ತಿಳಿಯೋಕೆ ಅದನ್ನು ನೋಡಲೇಬೇಕು. ಅದರ ಪೂರ್ತಿ ಸೆಟ್ ಕೂಡಿಸೋದು ಕಷ್ಟ, ಬೆಲೆಯೂ ಜಾಸ್ತಿ. ಆದ್ರೆ ಅಚ್ಚಾದ ಪುಸ್ತಕ. ಒಂದು ಪ್ರತಿ ಸುಟ್ಟರೆ ಇನ್ನೊಂದು ಇರುತ್ತೆ. ಅದರ ಮೂಲ ದಾಖಲೆಗಳೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಭದ್ರ. ಅಲ್ಲಿನ ಇಂಡಿಯಾ ಆಫೀಸ್ ದಾಖಲೆಗಳ ಕಪಾಟುಗಳನ್ನು ಸಾಲಾಗಿ ಇಟ್ಟರೆ ಸುಮಾರು 14 ಕಿಲೋಮೀಟರ್.

ಗುರುಮಠಕಲ್‌ನ ಕಿರ್ದಿಗೆ ಎರಡನೇ ಪ್ರತಿ ಇಲ್ಲ. ಜಗತ್ತಿನಲ್ಲಿ ಇರೋದೇ ಒಂದು.

ಅದಕ್ಕೂ ಹಿಂದಿನದು ಕಡತ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಮೇಲೆ ಬಳಪದಲ್ಲಿ ಲೆಕ್ಕ ಬರೀತಿದ್ದರು. ಬೇಡ ಅಂದ್ರೆ ಅಳಿಸಿ ಮತ್ತೆ ಬರೆಯಬಹುದಿತ್ತು. ಇವತ್ತು ವಿಧಾನಸೌಧದಲ್ಲಿ ‘ಕಡತ ವಿಲೇವಾರಿ’ ಅಂತಾರಲ್ಲ, ಆ ಮಾತು ಬಂದದ್ದು ಈ ಬಟ್ಟೆ ಪುಸ್ತಕದಿಂದ. ಮಾತು ಉಳೀತು, ವಸ್ತು ಕಣ್ಣಿಗೆ ಬೀಳೋದೇ ಕಮ್ಮಿ.

ಕಿರ್ದಿ ಓದೋದು ಹೇಗೆ?

ಹಳೇ ಗಂಟು ಬಿಚ್ಚಿದವರು ಬಿಟ್ಟುಬಿಡೋದು ಮೊದಲ ಪುಟದಲ್ಲೇ, ಏನೂ ಅರ್ಥ ಆಗಲ್ಲ ಅಂತ. ನಾಲ್ಕು ವಿಷಯ ಗೊತ್ತಿದ್ರೆ ದಾರಿ ಸಲೀಸು.

ಮೊದಲನೆಯದು ವರ್ಷ. ನಿಜಾಮನ ಸೀಮೆಯ ಕಾಗದಗಳಲ್ಲಿ ಫಸಲಿ ವರ್ಷ ಇರುತ್ತೆ. ಅದಕ್ಕೆ 590 ಕೂಡಿಸಿ. ಫಸಲಿ 1317 ಅಂದ್ರೆ 1907-08. ಅದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಹರಿದ ವರ್ಷ. ಶಕ ವರ್ಷ ಇದ್ರೆ 78 ಕೂಡಿಸಿ. ಕೆಲವರು ಬರೀ ಸಂವತ್ಸರದ ಹೆಸರು ಬರೀತಾರೆ. ಧಾತು, ಈಶ್ವರ ಅಂತ ಕಂಡರೆ ಅದು 1876-78ರ ಮಹಾ ಬರದ ಕಾಲ ಇರಬಹುದು. ಆದ್ರೆ ಸಂವತ್ಸರ 60 ವರ್ಷಕ್ಕೊಮ್ಮೆ ಮರಳಿ ಬರುತ್ತೆ, ಬೇರೆ ಸುಳಿವಿನ ಜೊತೆ ತಾಳೆ ನೋಡಬೇಕು.

ಎರಡನೆಯದು ಹಣ. ಹೈದರಾಬಾದ್ ಸಂಸ್ಥಾನಕ್ಕೆ ಸ್ವಂತ ನಾಣ್ಯ ಇತ್ತು: ಹಾಲಿ ಸಿಕ್ಕಾ. ಬ್ರಿಟಿಷ್ ರೂಪಾಯಿ ಕಲ್ದಾರ್. ಮುಂದೆ ನಿಗದಿಯಾದ ದರದಲ್ಲಿ ಏಳು ಹಾಲಿ ಅಂದ್ರೆ ಆರು ಕಲ್ದಾರ್. ಯಾವುದು ಅಂತ ನೋಡದೆ ಬೆಲೆ ಹೋಲಿಸಿದ್ರೆ ಲೆಕ್ಕ ತಪ್ಪುತ್ತೆ.

ಮೂರನೆಯದು ಲಿಪಿ. ಅಂಗಡಿ ಲೆಕ್ಕ ಕನ್ನಡದಲ್ಲೋ ಮೋಡಿಯಲ್ಲೋ ಇರಬಹುದು. ಸರ್ಕಾರಿ ಕಾಗದ 1884ರವರೆಗೆ ಪಾರ್ಸಿ, ಆಮೇಲೆ ಉರ್ದು. ಹಾಗಾಗಿ ಈ ಸೀಮೆಯ ಚರಿತ್ರೆ ಓದೋಕೆ ಉರ್ದು ಬಲ್ಲ ಹಿರಿಯರ ಪಕ್ಕ ಕೂರಲೇಬೇಕು. ಉರ್ದು ಹೊರಗಿನದು ಅನ್ನೋರಿಗೆ ತಮ್ಮ ಹೊಲದ ಹಳೇ ಪಹಣಿ ಓದಿಸಿಕೊಳ್ಳೋಕೂ ಅವರೇ ಬೇಕಾಗ್ತಾರೆ.

ನಾಲ್ಕನೆಯದು ಹೆಸರಿನ ಕಾಗುಣಿತ. ಸುರಪುರವನ್ನು ಇಂಗ್ಲಿಷರು ಶೋರಾಪುರ ಅಂತ ಬರೆದರು, ಗುರುಮಠಕಲ್ ಗುರ್ಮಿಟ್ಕಲ್ ಆಯ್ತು. ಕ್ಯಾಟಲಾಗಿನಲ್ಲಿ ಒಂದೇ ರೂಪ ಹುಡುಕಿ ‘ಏನೂ ಇಲ್ಲ’ ಅಂತ ವಾಪಸ್ ಬರಬೇಡಿ. ಭಾರತದ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ಪೋರ್ಟಲ್‌ನಲ್ಲಿ ಮನೆಯಿಂದಲೇ ಹುಡುಕಬಹುದು. ನಿಜಾಮ ಆಡಳಿತದ ಮೂಲ ಕಾಗದಗಳು ಹೈದರಾಬಾದಿನ ತಾರ್ನಾಕದ ಪತ್ರಾಗಾರದಲ್ಲಿವೆ. 1956ರಲ್ಲಿ ಗಡಿ ಗೆರೆ ಎಳೆದಾಗ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಹೈದರಾಬಾದಿನ ದಫ್ತರ ಅಲ್ಲೇ ಉಳಿಯಿತು.

ಯಾವ ಕಾನೂನಿನ ಕೂಸು?

ಸರ್ಕಾರ ಇದನ್ನೆಲ್ಲ ಕಾಪಾಡಲ್ವಾ ಅಂತ ಕೇಳ್ತೀರಿ. ಹಸ್ತಪ್ರತಿಗಳಿಗೆ 2003ರಲ್ಲಿ ರಾಷ್ಟ್ರೀಯ ಮಿಷನ್ ಬಂತು. 2025ರ ಬಜೆಟ್‌ನಲ್ಲಿ ‘ಜ್ಞಾನ ಭಾರತಂ’ ಅಂತ, ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಗುರಿ ಇಟ್ಟು, ಹೊಸ ಯೋಜನೆ ಘೋಷಿಸಿದರು. ಆದ್ರೆ 2003ರ ಮಿಷನ್ ಕೊಟ್ಟ ವ್ಯಾಖ್ಯೆ ಓದಿ: ಹಸ್ತಪ್ರತಿಯಲ್ಲಿ ‘ಜ್ಞಾನ’ ಇರಬೇಕು, ಫರ್ಮಾನು ಮತ್ತು ಕಂದಾಯದ ದಾಖಲೆಗಳು ಬೇರೆ. ಅಂದ್ರೆ ಶ್ಲೋಕ ಇರುವ ತಾಳೆಗರಿ ಜ್ಞಾನ, ಜೋಳದ ಧಾರಣಿ ಇರುವ ಕಿರ್ದಿ ಜ್ಞಾನವಲ್ಲ. ಇನ್ನು 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಸರ್ಕಾರಿ ಕಾಗದಕ್ಕೆ ಮಾತ್ರ. ಸಾಹುಕಾರರ ಮನೆಯ ಖತಾವಣಿ ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ.

ಅದಕ್ಕೆ ಸಿಗೋ ಒಂದೇ ಕಾನೂನು 1972ರ ಪುರಾತನ ವಸ್ತುಗಳ ಕಾಯ್ದೆ. ಚಾರಿತ್ರಿಕ ಮೌಲ್ಯದ, 75 ವರ್ಷ ದಾಟಿದ ಹಸ್ತಪ್ರತಿ, ದಾಖಲೆ ಅದರ ಪ್ರಕಾರ ಪುರಾತನ ವಸ್ತು. ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ, ಲೈಸೆನ್ಸ್ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ. ಮನೇಲಿ ಇಟ್ಟುಕೊಳ್ಳೋಕೆ ಅಡ್ಡಿಯಿಲ್ಲ, ಚಿತ್ರ ಇರುವ ಹಸ್ತಪ್ರತಿಯಾದ್ರೆ ನೋಂದಣಿ ಬೇಕು. ಈ ಕಾನೂನು ಕಾಗದ ದೇಶ ಬಿಡದ ಹಾಗೆ ತಡೆಯುತ್ತೆ. ರದ್ದಿ ಅಂಗಡಿಗೆ ಹೋಗೋದನ್ನು ತಡೆಯಲ್ಲ.

ಸಾಲಗಾರನ ಹೆಸರು

ಇಷ್ಟಕ್ಕೂ ಯಾಕೆ ತಲೆಕೆಡಿಸಿಕೊಳ್ಳಬೇಕು? ಯಾಕಂದ್ರೆ ಈ ಸೀಮೆಯ ಬಡವರು ತಮ್ಮ ಕೈಯಾರೆ ಬರೆದಿಟ್ಟದ್ದು ಕಮ್ಮಿ. ಅವರ ಹೆಸರು ಕಾಗದಕ್ಕೆ ಬಂದದ್ದು ಹೆಚ್ಚಾಗಿ ಸಾಲ ತಂದಾಗ. ಯಾರು ಎಷ್ಟು ಜೋಳ ಒಯ್ದರು, ಬಡ್ಡಿ ಎಷ್ಟಾಯ್ತು, ಯಾವಾಗ ಹೊಲ ಕೈಬಿಟ್ಟಿತು, ಯಾರ ಮಗ ಜೀತಕ್ಕೆ ನಿಂತ. 371ಜೆ ಸೀಮೆ ಹಿಂದುಳಿದದ್ದು ಯಾಕೆ ಅಂತ ಭಾಷಣ ಬೇಕಾದಷ್ಟಿವೆ. ಹಿಂದುಳಿಸಿದ ಲೆಕ್ಕ ಸಾಲು ಸಾಲಾಗಿ ಇರೋದು ಖತಾವಣಿಯಲ್ಲಿ.

ಆ ಲೆಕ್ಕ ಬರೆದವನು ಸಾಲ ಕೊಟ್ಟವನು ಅನ್ನೋದನ್ನು ಮರೆಯಬಾರದು. ಟೇಲರನ ಪತ್ರವನ್ನು ಅನುಮಾನದಿಂದ ಓದೋದಾದ್ರೆ, ಸಾಹುಕಾರನ ಖಾತೆಯನ್ನೂ ಹಾಗೇ ಓದಬೇಕು. ಜೊತೆಗೆ ಅದರಲ್ಲಿರೋದು ಬದುಕಿರುವ ಮನೆತನಗಳ ಹೆಸರು. ‘ನಿಮ್ಮಜ್ಜ ನಮ್ಮನೇಲಿ ಜೀತಕ್ಕಿದ್ದ’ ಅಂತ ಪುಟದ ಫೋಟೋ ವಾಟ್ಸಾಪ್ ಗ್ರೂಪಿಗೆ ಹಾಕೋದು ಚರಿತ್ರೆಯಲ್ಲ, ಹಳೇ ದರ್ಪದ ಹೊಸ ರೂಪ. ಬೆಲೆ, ಬಡ್ಡಿ, ಬೆಳೆ ಎಲ್ಲರಿಗೂ ತೋರಿಸಿ. ಹೆಸರನ್ನು ಮೊದಲು ಆ ಮನೆಯವರಿಗೆ ತೋರಿಸಿ.

ನಿಮ್ಮ ಕೈಯಲ್ಲಿ ಆಗೋದು

ಸಂಗ್ರಾಹಕ ಆಗೋಕೆ ದುಡ್ಡು ಬೇಕಿಲ್ಲ. ಗಂಟು ಸಿಕ್ಕರೆ ಮೊದಲು ಅದು ಯಾವ ಊರು, ಯಾವ ಮನೆ, ಎಲ್ಲಿತ್ತು ಅಂತ ಒಂದು ಚೀಟಿ ಬರೆದು ಜೊತೆಗಿಡಿ. ಎಲ್ಲಿಯದು ಅಂತ ಗೊತ್ತಿಲ್ಲದ ಕಿರ್ದಿಯ ಬೆಲೆ ಅರ್ಧಕ್ಕರ್ಧ ಹೋದ ಹಾಗೆ. ‘ಚೆಂದದ’ ಪುಟ ಕಿತ್ತು ಫ್ರೇಮ್ ಹಾಕಿಸಬೇಡಿ, ಒಳಗಿನ ಬಿಡಿ ಚೀಟಿಗಳ ಜಾಗ ಬದಲಿಸಬೇಡಿ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಒಣ ಜಾಗ, ನೆಲದಿಂದ ಮೇಲೆ, ಗೋಡೆಗೆ ತಾಗದ ಹಾಗೆ, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ರಟ್ಟಿನಿಂದ ರಟ್ಟಿನವರೆಗೆ ಎಲ್ಲ ಪುಟವನ್ನೂ, ಖಾಲಿ ಪುಟ ಸೇರಿಸಿ, ಕಿಟಕಿ ಬೆಳಕಲ್ಲಿ ಮೊಬೈಲ್‌ನಿಂದ ಫೋಟೋ ತೆಗೆದು ಎರಡು ಕಡೆ ಉಳಿಸಿ. ಕೊಂಡುಕೊಳ್ಳೋದಾದ್ರೆ ಗ್ರಂಥಾಲಯದ ಮುದ್ರೆ ಇದೆಯಾ ನೋಡಿ. ಇದ್ದು, ರದ್ದುಗೊಳಿಸಿದ ಗುರುತು ಇಲ್ಲ ಅಂದ್ರೆ ಅದು ಕದ್ದ ಮಾಲು ಇರಬಹುದು.

ಮುಂದಿನ ದೀಪಾವಳಿಗೆ ಊರಿಗೆ ಹೋದಾಗ, ಹೊಸ ಖಾತೆಗೆ ಪೂಜೆ ಆದ ಮೇಲೆ, ಹಳೇದು ಎಲ್ಲಿದೆ ಅಂತ ಅಜ್ಜನನ್ನು ಒಂದು ಮಾತು ಕೇಳಿ. ರದ್ದಿಯವನು ಬರೋದಕ್ಕಿಂತ ಮೊದಲು ಕೇಳಿ.