ಗಣಕವೇ ಆರಿಸುವ ಮಾರ್ಗ

ಉನ್ನತ ಸ್ತರದ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವಾಗ ನಾವು ‘ಈ ಗಣದಲ್ಲಿ ಈ ಹೆಸರಿದೆಯೇ?’ ಎಂದಷ್ಟೇ ಕೇಳುತ್ತೇವೆ. ಹೆಸರುಗಳನ್ನು ಹೇಗೆ ಜೋಡಿಸಿಡಬೇಕೆಂದು ಹೇಳುವುದಿಲ್ಲ. ಕೆಲಸದ ವೇಗವಾದರೋ ಆ ಜೋಡಣೆಯನ್ನೇ ಅವಲಂಬಿಸಿದೆ. 10,000 ಹೆಸರುಗಳು ಕ್ರಮವಿಲ್ಲದೆ ಇದ್ದರೆ, ಅವುಗಳಲ್ಲೊಂದನ್ನು ಹುಡುಕಲು ಸರಾಸರಿ ಸುಮಾರು 5,000 ಹೋಲಿಕೆಗಳು ಬೇಕು. ಅಕಾರಾದಿಯಾಗಿದ್ದರೆ, ಪ್ರತಿಸಲವೂ ನಡುವಣ ಹೆಸರನ್ನು ನೋಡಿ ಅರ್ಧಭಾಗವನ್ನು ಕೈಬಿಡುತ್ತ ಹೋದಲ್ಲಿ ಹೆಚ್ಚೆಂದರೆ 14 ಸಾಕು. ಆದರೆ ಹಾಗೆ ಜೋಡಿಸುವುದಕ್ಕೂ ಶ್ರಮವುಂಟು. ಒಮ್ಮೆ ಮಾತ್ರ ಹುಡುಕುವುದಾದರೆ ಅದು ವ್ಯರ್ಥ.

ಈ ಆಯ್ಕೆಯನ್ನು ಗಣಕಕ್ಕೇ ವಹಿಸಬಹುದೆ? ಗಣಗಳನ್ನು ಆಧರಿಸಿದ ‘ಸೆಟ್ಲ್’ ಭಾಷೆಗೆ ಅಂಥ ಕ್ರಮವೊಂದನ್ನು 1975ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಜಾಕ್ ಶ್ವಾರ್ಟ್ಸ್ ಅವರು ಸೂಚಿಸಿದರು. 1979ರಲ್ಲಿ ಐಬಿಎಂ ಸಂಸ್ಥೆಯ ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಹೋದ್ಯೋಗಿಗಳು ದತ್ತಸಂಚಯಗಳಿಗಾಗಿ ಇನ್ನೊಂದನ್ನು ವಿವರಿಸಿದರು: ದಾಖಲೆಗಳ ಸಂಖ್ಯೆಯಿಂದ ಪ್ರತಿ ಮಾರ್ಗದ ವೆಚ್ಚವನ್ನು ಅಂದಾಜು ಮಾಡಿ, ಕನಿಷ್ಠವಾದುದನ್ನು ಆರಿಸುವುದು. ಇಂದಿನ ದತ್ತಸಂಚಯಗಳೂ ಬಹುಮಟ್ಟಿಗೆ ಇದನ್ನೇ ಅನುಸರಿಸುತ್ತವೆ.

ಅಂದಾಜು ತಪ್ಪಿದರೆ ಆಯ್ಕೆಯೂ ಕೆಡುತ್ತದೆ. ‘ನಗರ ಪ್ಯಾರಿಸ್’, ‘ದೇಶ ಫ್ರಾನ್ಸ್’ ಎಂಬ ನಿಬಂಧನೆಗಳಿಗೆ ಪರಸ್ಪರ ಸಂಬಂಧವಿಲ್ಲವೆಂದು ಭಾವಿಸಿ ಅವುಗಳ ಸಂಭವನೀಯತೆಗಳನ್ನು ಗುಣಿಸಿದರೆ, ದೊರೆಯುವ ಸಂಖ್ಯೆ ನಿಜಕ್ಕಿಂತ ಬಹಳ ಕಡಿಮೆ. ಕೆಲವೇ ದಾಖಲೆಗಳಿಗೆ ತಕ್ಕ ಮಾರ್ಗವನ್ನು ಗಣಕವು ಸಾವಿರಾರು ದಾಖಲೆಗಳಿಗೆ ಬಳಸುತ್ತದೆ. ಆದುದರಿಂದ ಮಾಹಿತಿಯ ಸ್ವರೂಪವನ್ನು ಅರಿಯುವ ಹೊಣೆಯಿಂದ ನಾವು ಮುಕ್ತರಾಗಿಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.