ಕಪ್ಪು ಪಟ್ಟಿ ಹಾಕಿದ್ರೆ ಅಕ್ಷರ ಅಳಿಯುತ್ತಾ? ಪಿಡಿಎಫ್ ಪದರಗಳ ಒಳಗುಟ್ಟು

ಹೋದ ವಾರ ತಂಗಿಯ ಸ್ಕಾಲರ್‌ಶಿಪ್ ಅರ್ಜಿಗೆ ಮಾರ್ಕ್ಸ್ ಕಾರ್ಡು, ಆದಾಯ ಪ್ರಮಾಣಪತ್ರ, ಬ್ಯಾಂಕ್ ಸ್ಟೇಟ್‌ಮೆಂಟು ಎಲ್ಲಾ ಸೇರಿಸಿ ಒಂದೇ ಪಿಡಿಎಫ್ ಮಾಡಬೇಕಿತ್ತು. ಇಂಥ ಕಾಗದಗಳನ್ನ ಯಾವುದೋ ಸೈಟಿಗೆ ಅಪ್‌ಲೋಡ್ ಮಾಡೋಕೆ ಮನಸ್ಸು ಬರಲಿಲ್ಲ. ನನ್ನ ಲ್ಯಾಪ್‌ಟಾಪಲ್ಲೇ ಪೈಥಾನ್‌ನಲ್ಲಿ ಪುಟ್ಟ ಪ್ರೋಗ್ರಾಂ ಬರೆದೆ. ಸ್ಟೇಟ್‌ಮೆಂಟಿನ ಖರ್ಚಿನ ಸಾಲುಗಳ ಮೇಲೆ ಕಪ್ಪು ಪಟ್ಟಿಯನ್ನೂ ಕೂರಿಸಿದೆ.

ತಂಗಿ ಫೋನಲ್ಲಿ ಫೈಲ್ ತೆಗೆದು, ಪಟ್ಟಿ ಮೇಲೆ ಬೆರಳೊತ್ತಿ, ಕಾಪಿ ಮಾಡಿ, ವಾಟ್ಸಾಪಲ್ಲಿ ಪೇಸ್ಟ್ ಮಾಡಿದಳು. ಖರ್ಚಿನ ಲೆಕ್ಕವೆಲ್ಲ ಹಾಗೇ ಬಂತು! "ಅಣ್ಣಾ, ಇದೇನಾ ನೀನು ಮುಚ್ಚಿದ್ದು?" ಅಂದಳು. ಹೀಗೆ ಯಾಕಾಯ್ತು? ಇವತ್ತು ಅದನ್ನೇ ನೋಡೋಣ.

ಅಡೋಬಿ ಕಂಪನಿ 1993ರಲ್ಲಿ ತಂದ ಪಿಡಿಎಫ್, 2008ರಲ್ಲಿ ಐಎಸ್‌ಒ ಮಾನದಂಡವಾಯ್ತು. ಇದರ ಪುಟ ಒಂದು ಫೋಟೋ ಅಲ್ಲ, ಸೂಚನೆಗಳ ಪಟ್ಟಿ. 'ಇಲ್ಲಿ ಈ ಅಕ್ಷರ ಬರಿ, ಅಲ್ಲಿ ಗೆರೆ ಎಳಿ' ಅಂತ ಸಾಲಾಗಿ ಇರುತ್ತೆ. ಎ4 ಪುಟ ಅಂದ್ರೆ ಸುಮಾರು 595 ಅಗಲ, 842 ಎತ್ತರದ ಪಾಯಿಂಟುಗಳು. 72 ಪಾಯಿಂಟಿಗೆ ಒಂದು ಇಂಚು. ಎಣಿಕೆ ಸಾಮಾನ್ಯವಾಗಿ ಕೆಳಗಿನ ಎಡ ಮೂಲೆಯಿಂದ ಶುರು.

ಪುಟಗಳನ್ನ ಒಂದರ ಹಿಂದೆ ಒಂದು ಜೋಡಿಸೋದು ಸುಲಭ. ಪೈ-ಪಿಡಿಎಫ್ ಅನ್ನೋ ಉಚಿತ ಲೈಬ್ರರಿಯಲ್ಲಿ 'ಅಪೆಂಡ್' ಅಂದ್ರೆ ಸಾಕು. ಒಂದು ಪುಟದ ಮೇಲೆ ಇನ್ನೊಂದನ್ನ ಕೂರಿಸೋಕೆ 'ಮರ್ಜ್ ಪೇಜ್' ಇದೆ. ಅದು ಎರಡನೇ ಪುಟದ ಸೂಚನೆಗಳನ್ನ ಮೊದಲನೆಯದರ ಕೊನೆಗೆ ಅಂಟಿಸುತ್ತೆ. ಗೋಡೆಗೆ ಬಣ್ಣ ಹೊಡೆದ ಹಾಗೆ, ಆಮೇಲೆ ಬಂದಿದ್ದು ಮೇಲೆ ಕಾಣುತ್ತೆ. ವಾಟರ್‌ಮಾರ್ಕ್ ಅಕ್ಷರಗಳ ಹಿಂದೆ ಇರಬೇಕಂದ್ರೆ ಅದನ್ನ ಮೊದಲೇ ಹಾಕಬೇಕು. ಆದ್ರೆ ಸ್ಕ್ಯಾನ್ ಮಾಡಿದ ಪುಟದಲ್ಲಿ ಈ ಉಪಾಯ ನಡೆಯಲ್ಲ. ಪುಟದ ತುಂಬಾ ಚಿತ್ರವೇ ಇರೋದ್ರಿಂದ ಕೆಳಗಿನದು ಮುಚ್ಚಿಹೋಗುತ್ತೆ.

ಈಗ ನನ್ನ ತಪ್ಪು ಗೊತ್ತಾಯ್ತಲ್ವಾ? ನಾನು 'ಇಲ್ಲೊಂದು ಕಪ್ಪು ಚೌಕ ಬರಿ' ಅಂತ ಒಂದು ಸೂಚನೆ ಸೇರಿಸಿದೆ, ಅಷ್ಟೇ. ಅಕ್ಷರ ಬರೆಯೋ ಹಳೇ ಸೂಚನೆ ಕೆಳಗೆ ಹಾಗೇ ಇತ್ತು. ಕಣ್ಣಿಗೆ ಕಾಣಲ್ಲ, ಫೋನಿಗೆ ಕಾಣುತ್ತೆ.

ಇದರಲ್ಲಿ ಎಡವಿದವನು ನಾನೊಬ್ಬನೇ ಅಲ್ಲ. 2019ರ ಜನವರಿಯಲ್ಲಿ ಅಮೆರಿಕದಲ್ಲಿ, ಟ್ರಂಪ್ ಪ್ರಚಾರ ತಂಡದ ಮುಖ್ಯಸ್ಥರಾಗಿದ್ದ ಪಾಲ್ ಮ್ಯಾನಫೋರ್ಟ್ ಅವರ ವಕೀಲರು ಕೋರ್ಟಿಗೆ ಕೊಟ್ಟ ಪಿಡಿಎಫ್‌ನಲ್ಲೂ ಇದೇ ಆಯ್ತು. ಕಪ್ಪು ಪಟ್ಟಿಯಡಿಯ ಸಾಲುಗಳನ್ನ ಪತ್ರಕರ್ತರು ಕಾಪಿ ಮಾಡಿ ಓದಿದ್ರು. ಗುಟ್ಟಾಗಿರಬೇಕಿದ್ದ ಮಾತು ಸುದ್ದಿಯಾಯ್ತು.

ಹಾಗಾದ್ರೆ ಏನು ಮಾಡೋದು? ಅಕ್ಷರವನ್ನೇ ಕಿತ್ತುಹಾಕೋ 'ರಿಡ್ಯಾಕ್ಟ್' ಸೌಲಭ್ಯ ಇರೋ ಸಾಫ್ಟ್‌ವೇರ್ ಬಳಸಿ. ಇಲ್ಲಾಂದ್ರೆ ಗಟ್ಟಿ ಕಪ್ಪು ಪಟ್ಟಿ ಹಾಕಿದ ಪುಟವನ್ನ ಚಿತ್ರವಾಗಿ ಬದಲಾಯಿಸಿ, ಆ ಚಿತ್ರದಿಂದ ಹೊಸ ಪಿಡಿಎಫ್ ಮಾಡಿ. ನಾನು ಕೊನೆಗೆ ಮಾಡಿದ್ದೂ ಇದನ್ನೇ. ಆಧಾರ್ ಕೊಡಬೇಕಾದಾಗ ಯುಐಡಿಎಐ ಸೈಟಿನಲ್ಲೇ ಮಾಸ್ಕ್ಡ್ ಆಧಾರ್ ಸಿಗುತ್ತೆ, ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತೆ.

ಕಳಿಸೋ ಮುಂಚೆ ಒಂದ್ಸಲ ಪಟ್ಟಿ ಮೇಲೆ ಬೆರಳೊತ್ತಿ, ಕಾಪಿ ಮಾಡಿ ನೋಡಿ. ಏನೂ ಬರದಿದ್ರೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.